ರಿಪೋರ್ಟ್‌ನಲ್ಲಿರುವ ಆ ಉದ್ದನೆಯ ಪದಗಳನ್ನು ಬಿಡಿಸಿ ಓದುವುದು ಹೇಗೆ?

ಅಮ್ಮನ ಮಂಡಿ ನೋವಿಗೆ ಎಂಆರ್‌ಐ ಮಾಡಿಸಿದ್ದೆವು. ರಿಪೋರ್ಟ್ ಕೈಗೆ ಬಂದದ್ದು ಸಂಜೆ. ವೈದ್ಯರು ಸಿಗುವುದು ಮರುದಿನ ಮಧ್ಯಾಹ್ನ. ಅಲ್ಲಿವರೆಗೆ ಸುಮ್ನೆ ಕೂರುವುದು ಹೇಗೆ? ಕವರ್ ತೆರೆದು ಓದಿದೆ. ‘ಮೀಡಿಯಲ್ ಮೆನಿಸ್ಕಸ್‌ನ ಪೋಸ್ಟೀರಿಯರ್ ಹಾರ್ನ್‌ನಲ್ಲಿ ಟೇರ್. ಮೈಲ್ಡ್ ಜಾಯಿಂಟ್ ಎಫ್ಯೂಷನ್. ಉಳಿದಂತೆ ಅನ್‌ರಿಮಾರ್ಕಬಲ್.’

ಇದ್ದದ್ದು ಮೂರೇ ಸಾಲು. ನನಗೆ ಅರ್ಥವಾದದ್ದು ‘ಟೇರ್’ ಒಂದೇ. ‘ಏನಂತೆ?’ ಅಂತ ಅಮ್ಮ ಕೇಳಿದಳು. ‘ಏನೋ ಹರಿದಿದೆಯಂತೆ’ ಅಂದುಬಿಟ್ಟೆ. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ನನಗೂ ಬರಲಿಲ್ಲ.

ಆ ಮೂರು ಸಾಲುಗಳನ್ನು ಓದುವುದನ್ನು ಆಮೇಲೆ ಕಲಿತೆ. ಕಲಿಯುತ್ತಾ ಹೋದಂತೆ ಒಂದು ಸಂಗತಿ ಗೊತ್ತಾಯಿತು. ಈ ಪದಗಳು ಉದ್ದ ಇವೆ, ಆದರೆ ಕಷ್ಟವಲ್ಲ. ಚಿಕ್ಕ ಚಿಕ್ಕ ತುಂಡುಗಳನ್ನು ಜೋಡಿಸಿ ಮಾಡಿದ ಪದಗಳಿವು. ತುಂಡುಗಳು ಗೊತ್ತಿದ್ದರೆ, ಹಿಂದೆಂದೂ ನೋಡದ ಪದವೂ ತನ್ನ ಗುಟ್ಟನ್ನು ಅರ್ಧ ಬಿಟ್ಟುಕೊಡುತ್ತದೆ. ಕಾಯಿಲೆ ಎಷ್ಟಿದೆ, ಚಿಕಿತ್ಸೆ ಏನು ಅನ್ನುವುದು ವೈದ್ಯರೇ ಹೇಳಬೇಕಾದ ಮಾತು. ಆದರೆ ದೇಹದ ಯಾವ ಜಾಗದ ಬಗ್ಗೆ ಮಾತು ನಡೆದಿದೆ ಅನ್ನುವುದಾದರೂ ನಮಗೆ ತಿಳಿದಿರಬೇಕು, ಅಲ್ವಾ?

## ಅಂಗಾಲು, ಮುಂಗೈ, ತುದಿನಾಲಿಗೆ

ಶಾಲೆಯ ವ್ಯಾಕರಣದಲ್ಲಿ ಅಂಶಿ ಸಮಾಸ ಓದಿದ್ದು ನೆನಪಿದೆಯೇ? ಕಾಲಿನ ಅಡಿ ಅಂಗಾಲು. ಕೈಯ ಮುಂದು ಮುಂಗೈ. ನಾಲಿಗೆಯ ತುದಿ ತುದಿನಾಲಿಗೆ. ಒಂದು ಅಂಗ, ಅದರಲ್ಲಿ ಒಂದು ಜಾಗ, ಎರಡೂ ಸೇರಿ ಒಂದು ಹೆಸರು. ವೈದ್ಯಕೀಯ ಪದಗಳು ಮಾಡುವುದೂ ಇದನ್ನೇ. ಒಂದೇ ವ್ಯತ್ಯಾಸ ಅಂದರೆ, ಅವುಗಳ ತುಂಡುಗಳು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಂದ ಬಂದವು.

ಯಾಕೆ ಆ ಎರಡು ಭಾಷೆ? ಯುರೋಪಿನಲ್ಲಿ ಶತಮಾನಗಳ ಕಾಲ ವೈದ್ಯಶಾಸ್ತ್ರ ಬರೆದದ್ದು, ಕಲಿಸಿದ್ದು ಆ ಭಾಷೆಗಳಲ್ಲೇ. ದೇಹವನ್ನು ಕೊಯ್ದು ಕಣ್ಣಾರೆ ನೋಡಿ ಬರೆದ ವೆಸಾಲಿಯಸ್‌ನ ಹೆಸರಾಂತ ಗ್ರಂಥ 1543ರಲ್ಲಿ ಹೊರಬಂತು. ಅದೂ ಲ್ಯಾಟಿನ್‌ನಲ್ಲಿತ್ತು. ಆಮೇಲೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟು, ಒಂದೇ ಭಾಗಕ್ಕೆ ನಾಲ್ಕೈದು ಹೆಸರುಗಳಾದವು. ಬಳಕೆಯಲ್ಲಿದ್ದ ಸುಮಾರು 50,000 ಹೆಸರುಗಳನ್ನು 1895ರಲ್ಲಿ ಬಾಸೆಲ್ ನಗರದಲ್ಲಿ ಸೇರಿದ ತಜ್ಞರು ಹತ್ತನೇ ಒಂದು ಪಾಲಿನಷ್ಟಕ್ಕೆ ಇಳಿಸಿದರು. ಆ ಪಟ್ಟಿ ಹಲವು ಸಲ ತಿದ್ದುಪಡಿಯಾಯಿತು. 1998ರಲ್ಲಿ ‘ಟರ್ಮಿನೋಲೋಜಿಯಾ ಅನಾಟೋಮಿಕಾ’ ಎಂಬ ಹೊಸ ಪಟ್ಟಿ ಬಂತು. ಎಲ್ಲ ದೇಶದ ವೈದ್ಯರಿಗೂ ಒಂದು ಭಾಗಕ್ಕೆ ಒಂದೇ ಹೆಸರು ಇರಬೇಕು ಅನ್ನುವುದು ಇದೆಲ್ಲದರ ಉದ್ದೇಶ.

ಇನ್ನು ಎರಡು ಮೂಲ ಪದಗಳು. ಅನಾಟಮಿ ಅಂದರೆ ದೇಹದ ರಚನೆಯ ಓದು. ಗ್ರೀಕ್‌ನಲ್ಲಿ ಆ ಪದದ ಅರ್ಥ ಕೊಯ್ದು ಬಿಡಿಸುವುದು. ಕನ್ನಡದಲ್ಲಿ ಅಂಗರಚನಾಶಾಸ್ತ್ರ. ಫಿಸಿಯಾಲಜಿ ಅಂದರೆ ದೇಹ ಕೆಲಸ ಮಾಡುವ ರೀತಿಯ ಓದು. ಬಾಗಿಲಿನ ಕೀಲನ್ನು ನೋಡಿ. ಯಾವ ತಗಡು ಎಲ್ಲಿದೆ, ಮೊಳೆ ಎಲ್ಲಿ ಹೊಡೆದಿದೆ ಅನ್ನುವುದು ಅನಾಟಮಿ. ಬಾಗಿಲು ಹೇಗೆ ತೆರೆಯುತ್ತದೆ, ಯಾಕೆ ಕಿರ್ ಅನ್ನುತ್ತದೆ ಅನ್ನುವುದು ಫಿಸಿಯಾಲಜಿ. ಎಕ್ಸ್‌ರೇ, ಎಂಆರ್‌ಐಗಳಲ್ಲಿ ಜಾಸ್ತಿ ಕಾಣುವುದು ಮೊದಲನೆಯ ಬಗೆಯ ಪದಗಳು. ರಕ್ತ ಪರೀಕ್ಷೆಯ ಹಾಳೆಯಲ್ಲಿ ಜಾಸ್ತಿ ಕಾಣುವುದು ಎರಡನೆಯ ಬಗೆಯವು.

## ‘ನರ’ ಅಂದರೆ ಯಾವುದು?

ಪರಕೀಯ ಪದಗಳಿಗೆ ಹೋಗುವ ಮೊದಲು ನಮ್ಮ ಆಡುಮಾತನ್ನು ಸ್ವಲ್ಪ ನೋಡಬೇಕು. ಗೊಂದಲ ಎಷ್ಟೋ ಸಲ ಇಲ್ಲೇ ಶುರುವಾಗುತ್ತದೆ.

ಮುಂಗೈ ಮೇಲೆ ನೀಲಿಯಾಗಿ ಉಬ್ಬಿದ್ದನ್ನು ನಾವು ನರ ಅನ್ನುತ್ತೇವೆ. ಕುತ್ತಿಗೆ ಹಿಡಿದುಕೊಂಡರೆ ‘ನರ ಎಳೆದಿದೆ’ ಅನ್ನುತ್ತೇವೆ. ಕಾಲು ಜೋಮು ಹಿಡಿದರೂ ನರವೇ. ಆದರೆ ಇವು ಮೂರೂ ಬೇರೆ ಬೇರೆ. ನೀಲಿಯಾಗಿ ಕಾಣುವುದು ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ, ಅಭಿಧಮನಿ, ಅಂದರೆ ವೇನ್. ಕುತ್ತಿಗೆಯಲ್ಲಿ ಎಳೆದಿರುವುದು ಸಾಮಾನ್ಯವಾಗಿ ಸ್ನಾಯು. ಜೋಮಿಗೆ ಸಂಬಂಧಪಟ್ಟದ್ದು ಮಾತ್ರ ನಿಜವಾದ ನರ, ಅಂದರೆ ನರ್ವ್. ಅದರಲ್ಲಿ ರಕ್ತ ಹರಿಯುವುದಿಲ್ಲ, ಸಂದೇಶ ಹರಿಯುತ್ತದೆ. ಮೂಳೆಗೆ ಸ್ನಾಯುವನ್ನು ಕಟ್ಟುವ ಗಟ್ಟಿ ಪಟ್ಟಿ ಟೆಂಡನ್. ಮೂಳೆಗೆ ಮೂಳೆಯನ್ನು ಕಟ್ಟುವುದು ಲಿಗಮೆಂಟ್. ಇವನ್ನೂ ನಾವು ನರದ ಲೆಕ್ಕಕ್ಕೇ ಸೇರಿಸುತ್ತೇವೆ.

ಹೊಟ್ಟೆಯದೂ ಇದೇ ಕಥೆ. ಎದೆಗೂಡಿನ ಕೆಳಗಿನ ಇಡೀ ಭಾಗಕ್ಕೂ ಹೊಟ್ಟೆ ಅನ್ನುತ್ತೇವೆ, ಊಟ ಹೋಗಿ ಬೀಳುವ ಚೀಲಕ್ಕೂ ಹೊಟ್ಟೆ ಅನ್ನುತ್ತೇವೆ. ವೈದ್ಯರಿಗೆ ಮೊದಲನೆಯದು ಅಬ್ಡಮನ್, ಎರಡನೆಯದು ಸ್ಟಮಕ್, ಕನ್ನಡದಲ್ಲಿ ಜಠರ. ಅಬ್ಡಮನ್ ಸ್ಕ್ಯಾನ್ ಅಂದರೆ ಯಕೃತ್ತು, ಪಿತ್ತಕೋಶ, ಮೂತ್ರಪಿಂಡ, ಗುಲ್ಮ ಎಲ್ಲವನ್ನೂ ನೋಡುವುದು. ನೋವು ಹೇಳುವಾಗ ಪದಕ್ಕಿಂತ ಬೆರಳು ಒಳ್ಳೆಯದು. ಎಲ್ಲಿ ಅಂತ ಮುಟ್ಟಿ ತೋರಿಸಿಬಿಡಿ.

## ಮೊದಲು ದೇಹವನ್ನು ನೆಟ್ಟಗೆ ನಿಲ್ಲಿಸಿ

ನಕ್ಷೆಯಲ್ಲಿ ಉತ್ತರ ದಿಕ್ಕು ಯಾವಾಗಲೂ ಮೇಲೆ ಅನ್ನುವ ಒಪ್ಪಂದ ಇದೆ. ನಾವು ನಕ್ಷೆಯನ್ನು ಹೇಗೆ ತಿರುಗಿಸಿ ಹಿಡಿದರೂ ಉತ್ತರ ಉತ್ತರವೇ. ದೇಹಕ್ಕೂ ಅಂಥದ್ದೇ ಒಂದು ಒಪ್ಪಂದ ಇದೆ. ವ್ಯಕ್ತಿ ನೆಟ್ಟಗೆ ನಿಂತಿದ್ದಾನೆ, ಮುಖ ನಮ್ಮ ಕಡೆಗಿದೆ, ಕೈಗಳು ಪಕ್ಕದಲ್ಲಿ ಇಳಿಬಿಟ್ಟಿವೆ, ಅಂಗೈ ಮುಂದಕ್ಕೆ ತಿರುಗಿದೆ, ಹೆಬ್ಬೆರಳು ಹೊರಗಡೆಗಿದೆ. ಇದಕ್ಕೆ ಅನಾಟಾಮಿಕಲ್ ಪೊಸಿಷನ್ ಅನ್ನುತ್ತಾರೆ. ರೋಗಿ ಮಲಗಿರಲಿ, ಮಗ್ಗುಲಾಗಿರಲಿ, ದಿಕ್ಕು ಹೇಳುವಾಗ ಅವರು ಹೀಗೆ ನಿಂತಿದ್ದಾರೆ ಅಂತಲೇ ಲೆಕ್ಕ.

ಎಡ, ಬಲ ಅನ್ನುವುದು ಯಾವಾಗಲೂ ರೋಗಿಯ ಎಡ, ರೋಗಿಯ ಬಲ. ನೋಡುವವರದ್ದಲ್ಲ.

ಇದಿಷ್ಟು ಒಪ್ಪಿಕೊಂಡರೆ ದಿಕ್ಕುಗಳು ಸುಲಭ. ಆಂಟೀರಿಯರ್ ಅಂದರೆ ಮುಂದುಗಡೆ, ಪೋಸ್ಟೀರಿಯರ್ ಅಂದರೆ ಹಿಂದುಗಡೆ. ಸುಪೀರಿಯರ್ ಅಂದರೆ ತಲೆಯ ಕಡೆಗೆ, ಇನ್‌ಫೀರಿಯರ್ ಅಂದರೆ ಪಾದದ ಕಡೆಗೆ. ಇಲ್ಲಿ ಮೇಲು ಕೀಳಿನ ಪ್ರಶ್ನೆಯೇ ಇಲ್ಲ, ಬರೀ ಎತ್ತರದ ಮಾತು. ಮೂಗಿನಿಂದ ಹೊಕ್ಕುಳಿಗೆ ಒಂದು ನೇರ ಗೆರೆ ಎಳೆಯಿರಿ. ಆ ನಡುಗೆರೆಗೆ ಹತ್ತಿರದ್ದು ಮೀಡಿಯಲ್, ದೂರದ್ದು ಲ್ಯಾಟರಲ್. ಕಣ್ಣುಗಳು ಮೂಗಿಗಿಂತ ಲ್ಯಾಟರಲ್, ಕಿವಿಗಳಿಗಿಂತ ಮೀಡಿಯಲ್.

ಕೈಕಾಲುಗಳಿಗೆ ಇನ್ನೊಂದು ಜೋಡಿ ಇದೆ. ಮರದ ಕೊಂಬೆಯನ್ನು ನೆನೆಸಿಕೊಳ್ಳಿ. ಕಾಂಡಕ್ಕೆ ಹತ್ತಿರವಿರುವ ಕಡೆ ಪ್ರಾಕ್ಸಿಮಲ್, ಚಿಗುರಿನ ಕಡೆ ಡಿಸ್ಟಲ್. ಹಾಗಾಗಿ ‘ಡಿಸ್ಟಲ್ ರೇಡಿಯಸ್ ಫ್ರಾಕ್ಚರ್’ ಅಂದರೆ ರೇಡಿಯಸ್ ಎಂಬ ಮೂಳೆ ಮೊಣಕೈ ಹತ್ತಿರ ಅಲ್ಲ, ಮಣಿಕಟ್ಟಿನ ಹತ್ತಿರ ಮುರಿದಿದೆ ಅಂತ. ಬಿದ್ದಾಗ ಕೈ ಊರಿದವರಿಗೆ ಆಗುವುದು ಹೆಚ್ಚಾಗಿ ಇದೇ.

ಈಗ ಅಮ್ಮನ ರಿಪೋರ್ಟ್‌ಗೆ ವಾಪಸ್ ಬರೋಣ. ಮೀಡಿಯಲ್ ಅಂದರೆ ಎರಡೂ ಕಾಲುಗಳ ನಡುವಿನ ಕಡೆ, ಮಂಡಿಯ ಒಳಬದಿ. ಪೋಸ್ಟೀರಿಯರ್ ಅಂದರೆ ಹಿಂದುಗಡೆ. ಮೆನಿಸ್ಕಸ್ ಗ್ರೀಕ್ ಪದ, ಅರ್ಥ ಪುಟ್ಟ ಚಂದ್ರ. ತೊಡೆಯ ಮೂಳೆ ಮತ್ತು ಕಾಲಿನ ಮೂಳೆಯ ನಡುವೆ ಮೆತ್ತೆಯ ಹಾಗೆ ಕೂತಿರುವ, ಬಿದಿಗೆ ಚಂದ್ರನ ಆಕಾರದ ಮೃದ್ವಸ್ಥಿ ಅದು. ಪ್ರತಿ ಮಂಡಿಯಲ್ಲೂ ಅಂಥವು ಎರಡು. ಚಂದ್ರನಿಗೆ ಎರಡು ಚೂಪು ತುದಿ ಇರುತ್ತವಲ್ಲ, ಅವೇ ಹಾರ್ನ್, ಅಂದರೆ ಕೊಂಬು. ಅಲ್ಲಿಗೆ ಆ ಇಡೀ ಸಾಲು ಒಂದು ವಿಳಾಸ: ಮಂಡಿಯ ಒಳಬದಿಯ ಮೆತ್ತೆ, ಅದರ ಹಿಂದಿನ ತುದಿ, ಅಲ್ಲೊಂದು ಸೀಳು.

## ದಿಮ್ಮಿಯನ್ನು ಕೊಯ್ದ ಹಾಗೆ

ಸ್ಕ್ಯಾನ್ ಚಿತ್ರಗಳ ಮೇಲೆ ಏಕ್ಸಿಯಲ್, ಸ್ಯಾಜಿಟಲ್, ಕೊರೋನಲ್ ಅಂತ ಬರೆದಿರುತ್ತದೆ. ಮರದ ದಿಮ್ಮಿಯನ್ನು ಬೇರೆ ಬೇರೆ ದಿಕ್ಕಿನಲ್ಲಿ ಕೊಯ್ಯಬಹುದು, ಅಷ್ಟೇ ವಿಷಯ. ನಿಂತ ದೇಹವನ್ನು ಅಡ್ಡಡ್ಡಲಾಗಿ ಬಿಲ್ಲೆ ಮಾಡಿದಂತೆ ಕಂಡರೆ ಏಕ್ಸಿಯಲ್. ಎಡ ಬಲ ಬೇರೆಯಾಗುವ ಹಾಗೆ ಸೀಳಿದರೆ ಸ್ಯಾಜಿಟಲ್. ಲ್ಯಾಟಿನ್‌ನಲ್ಲಿ ‘ಸ್ಯಾಜಿಟಾ’ ಅಂದರೆ ಬಾಣ. ಎದೆಗೆ ನೇರ ಬಂದ ಬಾಣ ಬೆನ್ನಿನಲ್ಲಿ ಹೊರಬರುವ ದಾರಿ ಅಂತ ನೆನಪಿಡಿ. ಮುಂಭಾಗ, ಹಿಂಭಾಗ ಬೇರೆಯಾಗುವ ಹಾಗೆ ಸೀಳಿದರೆ ಕೊರೋನಲ್. ಒಂದು ಎಚ್ಚರಿಕೆ ಇದೆ. ಏಕ್ಸಿಯಲ್ ಚಿತ್ರವನ್ನು ರೋಗಿಯ ಪಾದದ ಕಡೆ ನಿಂತು ನೋಡಿದಂತೆ ತೋರಿಸುತ್ತಾರೆ. ಹಾಗಾಗಿ ಬಲಗಡೆಯ ಯಕೃತ್ತು ಚಿತ್ರದ ಎಡಗಡೆ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

## ಪದವನ್ನು ಬಾಲದಿಂದ ಓದಿ

ಉದ್ದ ಪದ ಕಂಡರೆ ನಾನು ಈಗ ಮೊದಲು ನೋಡುವುದು ಅದರ ಬಾಲವನ್ನು. ಏನಾಗಿದೆ ಅನ್ನುವುದು ಅಲ್ಲಿರುತ್ತದೆ. ಎಲ್ಲಿ ಆಗಿದೆ ಅನ್ನುವುದು ಅದಕ್ಕೂ ಮುಂಚೆ ಬರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಾಣುವ ಬಾಲ ‘ಐಟಿಸ್’. ಅದರ ಅರ್ಥ ಉರಿಯೂತ. ಇದಕ್ಕೆ ಕನ್ನಡದ ಹೆಸರು ಎಷ್ಟು ಚೆನ್ನಾಗಿದೆ ನೋಡಿ: ಉರಿ ಮತ್ತು ಊತ. ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು, ಇವು ನಾಲ್ಕು ಉರಿಯೂತದ ಲಕ್ಷಣ ಅಂತ ರೋಮ್‌ನ ಸೆಲ್ಸಸ್ ಸುಮಾರು 2,000 ವರ್ಷಗಳ ಹಿಂದೆಯೇ ಬರೆದಿಟ್ಟ. ನಮ್ಮ ಪದದಲ್ಲೇ ಅವುಗಳಲ್ಲಿ ಎರಡು ಅಡಗಿವೆ. ಆರ್ಥ್ರೋ ಅಂದರೆ ಕೀಲು, ಹಾಗಾಗಿ ಆರ್ಥ್ರೈಟಿಸ್ ಕೀಲಿನ ಉರಿಯೂತ. ಗ್ಯಾಸ್ಟ್ರೋ ಅಂದರೆ ಜಠರ, ಹಾಗಾಗಿ ಗ್ಯಾಸ್ಟ್ರೈಟಿಸ್. ಹೆಪಾಟೋ ಅಂದರೆ ಯಕೃತ್ತು, ಹಾಗಾಗಿ ಹೆಪಟೈಟಿಸ್. ಉರಿಯೂತ ಅಂದ ಮಾತ್ರಕ್ಕೆ ಸೋಂಕು ಅಂತ ಅಲ್ಲ. ಪೆಟ್ಟು ಬಿದ್ದರೂ ಉರಿಯೂತ ಆಗುತ್ತದೆ.

‘ಆಲ್ಜಿಯಾ’ ಅಂದರೆ ನೋವು. ‘ಮೆಗಲಿ’ ಅಂದರೆ ದೊಡ್ಡದಾಗಿರುವುದು, ಹೆಪಟೊಮೆಗಲಿ ಅಂದರೆ ಯಕೃತ್ತು ದೊಡ್ಡದಾಗಿದೆ. ‘ಎಮಿಯಾ’ ಅಂದರೆ ರಕ್ತದಲ್ಲಿ. ‘ಯೂರಿಯಾ’ ಅಂದರೆ ಮೂತ್ರದಲ್ಲಿ, ಹೀಮಟ್ಯೂರಿಯಾ ಅಂದರೆ ಮೂತ್ರದಲ್ಲಿ ರಕ್ತ. ರಕ್ತ ಪರೀಕ್ಷೆಯಲ್ಲಿ ಬರುವ ಯೂರಿಯಾ ಒಂದು ರಾಸಾಯನಿಕದ ಹೆಸರು, ಈ ಬಾಲ ಅಲ್ಲ. ‘ಪೀನಿಯಾ’ ಅಂದರೆ ಕೊರತೆ. ಥ್ರಾಂಬೋಸೈಟೋಪೀನಿಯಾ ಅಂದಾಗ ನಾಲಿಗೆ ತೊಡರುತ್ತದೆ, ನಿಜ. ಬಿಡಿಸಿದರೆ ಹೆಪ್ಪು, ಜೀವಕೋಶ, ಕೊರತೆ. ರಕ್ತ ಹೆಪ್ಪುಗಟ್ಟಿಸುವ ಕಣಗಳು, ಅಂದರೆ ಪ್ಲೇಟ್‌ಲೆಟ್, ಕಡಿಮೆಯಾಗಿವೆ ಅಂತ.

ಶಸ್ತ್ರಚಿಕಿತ್ಸೆಯ ಬಾಲಗಳನ್ನು ಗಮನವಿಟ್ಟು ನೋಡಬೇಕು, ಒಂದೊಂದಕ್ಕೂ ಭಾರಿ ವ್ಯತ್ಯಾಸ ಇದೆ. ‘ಓಟಮಿ’ ಅಂದರೆ ಕೊಯ್ಯುವುದು. ‘ಎಕ್ಟಮಿ’ ಅಂದರೆ ತೆಗೆದುಹಾಕುವುದು. ‘ಓಸ್ಟಮಿ’ ಅಂದರೆ ಹೊರಗೆ ತೆರೆಯುವ ಹೊಸ ದಾರಿ ಮಾಡುವುದು. ‘ಪ್ಲ್ಯಾಸ್ಟಿ’ ಅಂದರೆ ಸರಿಪಡಿಸಿ ಕಟ್ಟುವುದು. ‘ಸ್ಕೋಪಿ’ ಅಂದರೆ ಒಳಗೆ ಇಣುಕಿ ನೋಡುವುದು. ನನಗೆ ತುಂಬಾ ಹಿಡಿಸಿದ ಪದ ಕೊಲೆಸಿಸ್ಟೆಕ್ಟಮಿ. ಕೊಲೆ ಅಂದರೆ ಇಲ್ಲಿ ಪಿತ್ತ, ಸಿಸ್ಟ್ ಅಂದರೆ ಚೀಲ, ಎಕ್ಟಮಿ ಅಂದರೆ ತೆಗೆಯುವುದು. ಪಿತ್ತದ ಚೀಲ, ಅದೇ ನಮ್ಮ ಪಿತ್ತಕೋಶ. ಎರಡು ದೂರದ ಭಾಷೆಗಳು ಒಂದು ಅಂಗವನ್ನು ನೋಡಿ ಒಂದೇ ರೀತಿ ಹೆಸರು ಕಟ್ಟಿವೆ.

ಪದದ ತಲೆಯಲ್ಲಿ ಬರುವ ತುಂಡು ಎಷ್ಟು, ಹೇಗೆ ಅನ್ನುವುದನ್ನು ಹೇಳುತ್ತದೆ. ಹೈಪರ್ ಅಂದರೆ ಹೆಚ್ಚು, ಹೈಪೋ ಅಂದರೆ ಕಡಿಮೆ. ಇವೆರಡೂ ಕಿವಿಗೆ ಒಂದೇ ಥರ ಕೇಳಿಸುತ್ತವೆ, ಅರ್ಥ ಪೂರ್ತಿ ಉಲ್ಟಾ. ಹೈಪರ್‌ಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚು, ಹೈಪೋಗ್ಲೈಸೀಮಿಯಾ ಅಂದರೆ ಕಡಿಮೆ. ಫೋನಿನಲ್ಲಿ ಕೇಳಿಸಿಕೊಂಡರೆ ‘ಹೆಚ್ಚೋ ಕಡಿಮೆಯೋ’ ಅಂತ ಮತ್ತೆ ಕೇಳಿಯೇ ಬಿಡಿ, ಸಂಕೋಚ ಬೇಡ. ಟ್ಯಾಕಿ ಅಂದರೆ ವೇಗ, ಬ್ರ್ಯಾಡಿ ಅಂದರೆ ನಿಧಾನ. ಪೆರಿ ಅಂದರೆ ಸುತ್ತ, ಎಂಡೋ ಅಂದರೆ ಒಳಗೆ. ಕಾರ್ಡಿ ಅಂದರೆ ಹೃದಯ, ಅದನ್ನು ಇವಕ್ಕೆ ಸೇರಿಸಿ ನೋಡಿ: ಟ್ಯಾಕಿಕಾರ್ಡಿಯಾ ವೇಗದ ಬಡಿತ, ಪೆರಿಕಾರ್ಡಿಯಂ ಹೃದಯದ ಸುತ್ತಲಿನ ಪೊರೆ, ಎಂಡೋಕಾರ್ಡಿಯಂ ಒಳಗಿನ ಪೊರೆ.

## ಕೊಳಲು, ಕೀಲಿಕೈ, ಇಲಿಮರಿ

ಎಲ್ಲ ಹೆಸರುಗಳೂ ಹೀಗೆ ಲೆಕ್ಕಾಚಾರದವಲ್ಲ. ಹಳಬರು ಕಂಡದ್ದಕ್ಕೆ ಹೋಲುವ ವಸ್ತುವಿನ ಹೆಸರಿಟ್ಟರು. ಮಂಡಿಯ ಕೆಳಗಿನ ಎರಡು ಮೂಳೆಗಳಲ್ಲಿ ದೊಡ್ಡದು ಟಿಬಿಯಾ, ಅಂದರೆ ಕೊಳಲು. ಕತ್ತಿನ ಕೆಳಗಿನ ಅಡ್ಡ ಮೂಳೆ ಕ್ಲಾವಿಕಲ್, ಪುಟ್ಟ ಕೀಲಿಕೈ. ಪೆಲ್ವಿಸ್ ಅಂದರೆ ಬೋಗುಣಿ. ಕಿವಿಯೊಳಗಿನ ಕಾಕ್ಲಿಯಾ ಬಸವನಹುಳು. ಬೆನ್ನುಮೂಳೆಯ ತುದಿಯ ಕಾಕ್ಸಿಕ್ಸ್ ಕೋಗಿಲೆ ಜಾತಿಯ ಹಕ್ಕಿಯ ಕೊಕ್ಕು. ಮಸಲ್ ಅನ್ನುವ ಪದವೇ ಲ್ಯಾಟಿನ್‌ನಲ್ಲಿ ‘ಪುಟ್ಟ ಇಲಿ’. ತೋಳು ಮಡಚಿದಾಗ ಚರ್ಮದ ಕೆಳಗೆ ಇಲಿ ಓಡಿದಂತೆ ಕಾಣುತ್ತದೆ ಅಂತ ಇರಬೇಕು.

ತಪ್ಪು ತಿಳಿವಳಿಕೆಯೂ ಹೆಸರಾಗಿ ಉಳಿದದ್ದುಂಟು. ಸತ್ತ ದೇಹದಲ್ಲಿ ಆರ್ಟರಿಗಳು, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳಗಳು, ಬಹುಮಟ್ಟಿಗೆ ಖಾಲಿ ಇರುತ್ತಿದ್ದವು. ಹಾಗಾಗಿ ಅವು ಗಾಳಿ ಒಯ್ಯುತ್ತವೆ ಅಂತ ಪ್ರಾಚೀನ ಗ್ರೀಕರಲ್ಲಿ ಹಲವರು ನಂಬಿದ್ದರು. ಅವರು ಶ್ವಾಸನಾಳಕ್ಕೂ ಈ ರಕ್ತನಾಳಕ್ಕೂ ‘ಆರ್ಟೀರಿಯಾ’ ಅನ್ನುವ ಒಂದೇ ಪದ ಬಳಸುತ್ತಿದ್ದರು. ಅವುಗಳಲ್ಲಿರುವುದು ರಕ್ತವೇ ಅಂತ ಗ್ರೀಕ್ ವೈದ್ಯ ಗ್ಯಾಲೆನ್ ಎರಡನೇ ಶತಮಾನದಲ್ಲೇ ತೋರಿಸಿದ, ಆ ರಕ್ತ ದೇಹದಲ್ಲಿ ಸುತ್ತುತ್ತದೆ ಅಂತ ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿಕೊಟ್ಟ. ಹಳೆಯ ನಂಬಿಕೆ ಹೋಯಿತು, ಹೆಸರು ಹಾಗೇ ಉಳಿಯಿತು.

ಸ್ನಾಯುಗಳ ಹೆಸರು ಇನ್ನೂ ಉದ್ದ, ಆದರೆ ಪ್ರಾಮಾಣಿಕ. ‘ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಲಾಂಗಸ್’ ಅಂತ ಒಂದಿದೆ. ಎಕ್ಸ್‌ಟೆನ್ಸರ್ ಅಂದರೆ ಹಿಂದಕ್ಕೆ ಚಾಚಿಸುವುದು. ಕಾರ್ಪೈ ಅಂದರೆ ಮಣಿಕಟ್ಟಿನ. ರೇಡಿಯಾಲಿಸ್ ಅಂದರೆ ರೇಡಿಯಸ್ ಮೂಳೆಯ ಕಡೆ, ಅಂದರೆ ಹೆಬ್ಬೆರಳಿನ ಬದಿ. ಲಾಂಗಸ್ ಅಂದರೆ ಉದ್ದದ್ದು. ಕೆಲಸ, ಜಾಗ, ಬದಿ, ಅಳತೆ, ನಾಲ್ಕೂ ಹೆಸರಿನಲ್ಲೇ ಇವೆ. ಉದ್ದದ್ದು ಅಂದಮೇಲೆ ಗಿಡ್ಡದ್ದೂ ಇರಬೇಕಲ್ಲ? ಇದೆ, ಅದು ಬ್ರೆವಿಸ್. ಟೆನ್ನಿಸ್ ಎಲ್ಬೋ ಅನ್ನುವ ಮೊಣಕೈ ನೋವು ಹೆಚ್ಚಾಗಿ ಹುಟ್ಟುವುದು ಆ ಗಿಡ್ಡ ಸ್ನಾಯುವಿನ ಬುಡದಲ್ಲೇ.

## ಕೆಲಸದ ಪದಗಳು

ಫಿಸಿಯಾಲಜಿಯಲ್ಲಿ ಒಂದು ಪದ ಗೊತ್ತಾದರೆ ಮಿಕ್ಕವು ತಾವಾಗಿ ಹಿಂದೆ ಬರುತ್ತವೆ. ಅದು ಹೋಮಿಯೋಸ್ಟೇಸಿಸ್. ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಕೊಟ್ಟ ಹೆಸರಿದು. ಹೊರಗೆ ಏನೇ ಬದಲಾದರೂ ದೇಹ ತನ್ನ ಒಳಗನ್ನು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವುದಕ್ಕೆ ಹಾಗನ್ನುತ್ತಾರೆ. ಸೈಕಲ್ ಓಡಿಸುವವರ ಹ್ಯಾಂಡಲ್ ಗಮನಿಸಿ. ಅದು ಯಾವತ್ತೂ ಪೂರ್ತಿ ಅಲ್ಲಾಡದೆ ನಿಲ್ಲುವುದಿಲ್ಲ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿದ್ದುತ್ತಲೇ ಇರುವುದರಿಂದ ಸೈಕಲ್ ಬೀಳದೆ ನೇರ ಹೋಗುತ್ತದೆ. ದೇಹದ ಬಿಸಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುವುದು ಹೀಗೆ. ಬಿಸಿ ಏರಿದರೆ ಬೆವರು, ಇಳಿದರೆ ನಡುಕ. ರಕ್ತದ ಸಕ್ಕರೆ ಏರಿದರೆ ಇನ್ಸುಲಿನ್ ಎಂಬ ಹಾರ್ಮೋನ್, ಇಳಿದರೆ ಗ್ಲುಕಗಾನ್ ಎಂಬ ಇನ್ನೊಂದು. ಏರಿದ್ದನ್ನು ಇಳಿಸುವ, ಇಳಿದದ್ದನ್ನು ಏರಿಸುವ ಈ ತಿದ್ದುವಿಕೆಗೆ ನೆಗೆಟಿವ್ ಫೀಡ್‌ಬ್ಯಾಕ್ ಅನ್ನುತ್ತಾರೆ. ಹೆಸರಲ್ಲಿ ನೆಗೆಟಿವ್ ಇದ್ದರೂ ಇದು ಕೆಟ್ಟದ್ದಲ್ಲ, ನಮ್ಮನ್ನು ಬದುಕಿಸಿರುವುದೇ ಇದು.

ಬಿಪಿಯಲ್ಲಿ ಎರಡು ಅಂಕಿ ಯಾಕೆ? 120/80 ಅಂದರೆ, ಹೃದಯ ಕುಗ್ಗಿ ರಕ್ತ ತಳ್ಳಿದಾಗ ನಾಳದೊಳಗಿನ ಒತ್ತಡ 120, ಹೃದಯ ಸಡಿಲವಾಗಿ ತುಂಬಿಕೊಳ್ಳುವಾಗ 80. ಕುಗ್ಗುವುದು ಸಿಸ್ಟೊಲಿ, ಸಡಿಲವಾಗುವುದು ಡಯಾಸ್ಟೊಲಿ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಅಂದುಕೊಂಡರೆ ಹತ್ತಿರ ಹತ್ತಿರ 5 ಲೀಟರ್. ದೇಹದಲ್ಲಿರುವ ಒಟ್ಟು ರಕ್ತವೂ ಸುಮಾರು ಅಷ್ಟೇ.

## ಸುಮ್ಮನೆ ಹೆದರಿಸುವ ಪದಗಳು

ಅಕ್ಯೂಟ್ ಅಂದರೆ ತುಂಬಾ ಜೋರು ಅಂತ ಹಲವರು ತಿಳಿದಿದ್ದಾರೆ. ಅದು ಮೊದಲಿಗೆ ಕಾಲದ ಮಾತು: ಹೊಸದಾಗಿ, ಬೇಗ ಶುರುವಾದದ್ದು. ನೆಗಡಿಯೂ ಅಕ್ಯೂಟ್. ಕ್ರಾನಿಕ್ ಅಂದರೆ ಬಹಳ ದಿನದಿಂದ ಇರುವುದು. ಟೆಸ್ಟ್ ಪಾಸಿಟಿವ್ ಅಂದರೆ ಹುಡುಕಿದ್ದು ಸಿಕ್ಕಿತು ಅಂತ, ಅದು ಒಳ್ಳೆಯ ಸುದ್ದಿ ಅಂತ ಅಲ್ಲ. ಲೀಷನ್ ಅಂದರೆ ಅಕ್ಕಪಕ್ಕಕ್ಕಿಂತ ಬೇರೆಯಾಗಿ ಕಂಡ ಜಾಗ, ಅದು ಏನು ಬೇಕಾದರೂ ಆಗಿರಬಹುದು. ‘ಓಮಾ’ ಎಂಬ ಬಾಲ ಗೆಡ್ಡೆಗೆ ಬರುತ್ತದೆ, ಆದರೆ ಎಲ್ಲ ಓಮಾವೂ ಕ್ಯಾನ್ಸರ್ ಅಲ್ಲ. ಲಿಪೋಮಾ ಬರೀ ಕೊಬ್ಬಿನ ಗಂಟು, ಹೆಮಟೋಮಾ ಅಂತೂ ಗೆಡ್ಡೆಯೇ ಅಲ್ಲ, ಹೊರಬಂದು ಕಟ್ಟಿಕೊಂಡ ರಕ್ತ. ಆದರೆ ಕಾರ್ಸಿನೋಮಾ, ಲಿಂಫೋಮಾದಂಥವು ಕ್ಯಾನ್ಸರ್‌ಗಳೇ. ಇಡಿಯೋಪಥಿಕ್ ಅಂದರೆ ಕಾರಣ ತಿಳಿದಿಲ್ಲ. ಎಫ್ಯೂಷನ್ ಅಂದರೆ ದ್ರವ ಸೇರಿಕೊಂಡಿದೆ. ನಾವು ‘ಮಂಡಿಯಲ್ಲಿ ನೀರು ತುಂಬಿದೆ’ ಅನ್ನುತ್ತೇವಲ್ಲ, ಅದೇ. ಮೈಲ್ಡ್ ಅಂದರೆ ಸ್ವಲ್ಪ.

ಕನ್ನಡ ಲಿಪಿಯಲ್ಲಿ ಬರೆದರೆ ಮೋಸ ಹೋಗುವ ಒಂದು ಜೋಡಿಯೂ ಇದೆ. ಸೊಂಟದ ಮೂಳೆಯೂ ಇಲಿಯಮ್, ಸಣ್ಣ ಕರುಳಿನ ಕೊನೆಯ ಭಾಗವೂ ಇಲಿಯಮ್. ಮೂಲ ಬರಹದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಸುತ್ತಮುತ್ತ ಮೂಳೆಯ ಮಾತಿದೆಯೋ, ಕರುಳಿನ ಮಾತಿದೆಯೋ ನೋಡಿಯೇ ತಿಳಿಯಬೇಕು.

ಕೊನೆಯದಾಗಿ ಅನ್‌ರಿಮಾರ್ಕಬಲ್. ಆ ರಾತ್ರಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ ಪದ. ಅದರ ಅರ್ಥ, ಹೇಳುವಂಥ ತೊಂದರೆ ಏನೂ ಕಾಣಲಿಲ್ಲ ಅಂತ. ಇಡೀ ರಿಪೋರ್ಟ್‌ನಲ್ಲಿ ಇದ್ದ ಒಳ್ಳೆಯ ಸುದ್ದಿ ಅದೊಂದೇ, ಅದನ್ನೇ ನಾನು ಕೆಟ್ಟದ್ದು ಅಂದುಕೊಂಡಿದ್ದೆ.

ಇದೆಲ್ಲ ತಿಳಿದ ಮೇಲೆ ಒಂದು ದಿನ ಅಮ್ಮನ ಪಕ್ಕ ಕೂತು ಆ ಸಾಲುಗಳನ್ನು ಬಿಡಿಸಿ ಹೇಳಿದೆ. ಮಂಡಿಯ ಒಳಬದಿ, ಹಿಂದುಗಡೆ, ಮೆತ್ತೆಯ ತುದಿಯಲ್ಲಿ ಒಂದು ಸೀಳು, ಸ್ವಲ್ಪ ನೀರು, ಉಳಿದದ್ದೆಲ್ಲ ಚೆನ್ನಾಗಿದೆ. ಅವಳು ಸೀರೆಯ ಮೇಲಿಂದಲೇ ಮಂಡಿಯ ಒಳಬದಿಗೆ ಹೆಬ್ಬೆರಳು ಒತ್ತಿ, ಸ್ವಲ್ಪ ಹಿಂದಕ್ಕೆ ಜಾರಿಸಿ ನಿಲ್ಲಿಸಿದಳು. ‘ಇಲ್ಲೇ ಅಂತ ನಾನು ಅವತ್ತೇ ಹೇಳಿದ್ದೆನಲ್ಲೋ’ ಅಂದಳು.